ನದಿಯಿಲ್ಲದ ಊರಿಗೆ ಹಿಮದ ನೀರು

ಮಾನೇಸರ್‌ಗೆ ನದಿಯಿಲ್ಲ. ದೆಹಲಿಯಿಂದ ಜೈಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಗುರುಗ್ರಾಮ ದಾಟಿದ ಮೇಲೆ ಸಿಗುವ ಈ ಊರಿನ ಒಂದು ಕಡೆ ಅರಾವಳಿಯ ಕುರುಚಲು ಗುಡ್ಡಗಳು, ಇನ್ನೊಂದು ಕಡೆ ಸಾಲು ಸಾಲು ಕಾರ್ಖಾನೆಗಳು. ಮಾರುತಿ ಸುಜುಕಿಯ ಕಾರುಗಳೂ ಹೋಂಡಾದ ಸ್ಕೂಟರುಗಳೂ ಇಲ್ಲಿ ತಯಾರಾಗುತ್ತವೆ. ಎನ್‌ಎಸ್‌ಜಿ ಕಮಾಂಡೊಗಳ ನೆಲೆ ಇಲ್ಲಿದೆ, ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಇಲ್ಲಿದೆ, 2020ರ ಕೊನೆಯಿಂದ ಊರಿಗೆ ತನ್ನದೇ ಮಹಾನಗರ ಪಾಲಿಕೆಯೂ ಇದೆ. ನದಿಯೊಂದೇ ಇಲ್ಲ. ಯಮುನೆ ಪೂರ್ವಕ್ಕೆ 40 ಕಿ.ಮೀ.ಗೂ ಹೆಚ್ಚು ದೂರದಲ್ಲಿ, ಫರೀದಾಬಾದಿನ ಆಚೆ ಹರಿಯುತ್ತದೆ.

ಆದರೂ ಈ ಊರು ಕುಡಿಯುವುದು ಯಮುನೆಯನ್ನೇ. ಫರೀದಾಬಾದಿನ ಹತ್ತಿರದ ಕೊಳಕು ಯಮುನೆಯನ್ನಲ್ಲ. ಉತ್ತರಕ್ಕೆ 200 ಕಿ.ಮೀ.ಗೂ ಆಚೆ, ಹಿಮಾಲಯದ ತಪ್ಪಲಲ್ಲಿ ನದಿ ಬಯಲಿಗೆ ಇಳಿಯುವ ಜಾಗದಲ್ಲೇ ತಡೆದು ತಿರುಗಿಸಿದ ಯಮುನೆಯನ್ನು. ಏಪ್ರಿಲ್, ಮೇ ತಿಂಗಳುಗಳಲ್ಲಿ ಆ ನೀರಿನ ಒಂದು ಪಾಲು ಕೆಲವು ದಿನಗಳ ಹಿಂದಿನವರೆಗೆ ಉತ್ತರಾಖಂಡ, ಹಿಮಾಚಲದ ಇಳಿಜಾರುಗಳ ಮೇಲೆ ಹಿಮವಾಗಿ ಕೂತಿದ್ದ ನೀರು.

ನದಿಯಿಂದ ದೂರವಿರುವ ಊರು ಬೇರೆಲ್ಲಿಂದಲೋ ನೀರು ತರಿಸುವುದು ಕನ್ನಡಿಗರಿಗೆ ಹೊಸ ಸಂಗತಿಯಲ್ಲ. 1974ರಿಂದ ಬೆಂಗಳೂರು 100 ಕಿ.ಮೀ. ದೂರದ ಕಾವೇರಿಯನ್ನು ಮೇಲೆತ್ತಿ ಕುಡಿಯುತ್ತಿದೆ. ಆದರೆ ಕಾವೇರಿಗೂ ಯಮುನೆಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಕಾವೇರಿ ಮಳೆಯ ಮಗಳು. ಜೂನ್‌ನಲ್ಲಿ ಕೊಡಗಿನ ಮೇಲೆ ಬಿದ್ದ ನೀರನ್ನು ಮುಂದಿನ ಏಪ್ರಿಲ್‌ವರೆಗೆ ಉಳಿಸಬೇಕಾದರೆ ಮನುಷ್ಯರೇ ಅಣೆಕಟ್ಟು ಕಟ್ಟಬೇಕು. ಯಮುನೆಗೆ ಅಂಥ ಅಣೆಕಟ್ಟೊಂದನ್ನು ಬೆಟ್ಟವೇ ಕಟ್ಟಿಕೊಟ್ಟಿತ್ತು. ಚಳಿಗಾಲದ ಮಳೆ ಹಿಮವಾಗಿ ಬಿದ್ದು ಅಲ್ಲೇ ಉಳಿಯುತ್ತದೆ. ಬಿಸಿಲೇರಿದ ಹಾಗೆ, ಬಯಲಿನ ಹೊಲಕ್ಕೆ ನೀರು ಅತಿ ಹೆಚ್ಚು ಬೇಕಾದ ಹೊತ್ತಿಗೆ ಸರಿಯಾಗಿ, ಕರಗಿ ಇಳಿಯುತ್ತದೆ. ಆರೂವರೆ ಶತಮಾನಗಳಿಂದ ದೆಹಲಿಯ ಸುತ್ತಲಿನ ಆಳರಸರೆಲ್ಲ ಈ ಪುಕ್ಕಟೆ ಅಣೆಕಟ್ಟನ್ನು ನಂಬಿ ಕಾಲುವೆ ತೋಡಿದರು. ಮಾನೇಸರ್‌ನ ನಲ್ಲಿ ಆ ಸಾಲಿನ ಕೊನೆಯದು.

ಬೆಟ್ಟದಲ್ಲಿ

ಯಮುನೆ ಹುಟ್ಟುವುದು ಉತ್ತರಕಾಶಿ ಜಿಲ್ಲೆಯಲ್ಲಿ, 6,316 ಮೀಟರ್ ಎತ್ತರದ ಬಂದರ್‌ಪೂಂಛ್ ಶಿಖರದ ಮಗ್ಗುಲಲ್ಲಿ. ಯಮುನೋತ್ರಿಯ ಗುಡಿ ಇರುವುದು ಅದಕ್ಕಿಂತ ಬಹಳ ಕೆಳಗೆ, ಸುಮಾರು 3,290 ಮೀಟರ್ ಎತ್ತರದಲ್ಲಿ. ಅಲ್ಲಿ ಸೂರ್ಯಕುಂಡ ಎಂಬ ಬಿಸಿನೀರಿನ ಬುಗ್ಗೆ ಇದೆ. ಯಾತ್ರಿಕರು ಬಟ್ಟೆಯ ಗಂಟಿನಲ್ಲಿ ಅಕ್ಕಿ ಕಟ್ಟಿ ಅದರೊಳಗೆ ಇಳಿಬಿಟ್ಟು ಬೇಯಿಸಿ ಪ್ರಸಾದವಾಗಿ ಒಯ್ಯುತ್ತಾರೆ. ಗುಡಿಯ ಬಾಗಿಲು ತೆರೆಯುವುದು ಅಕ್ಷಯ ತೃತೀಯದಂದು, ಮುಚ್ಚುವುದು ದೀಪಾವಳಿಯ ನಂತರದ ಯಮದ್ವಿತೀಯದಂದು. ಚಳಿಗಾಲವಿಡೀ ದೇವಿ ಕೆಳಗಿನ ಖರಸಾಲಿ ಹಳ್ಳಿಯಲ್ಲಿರುತ್ತಾಳೆ. ಸೂರ್ಯನ ಮಗಳು, ಯಮನ ತಂಗಿ ಎಂಬ ಪುರಾಣದ ನಂಟು ಎಲ್ಲರಿಗೂ ಗೊತ್ತು. ಆದರೆ ಗುಡಿಯ ಪಂಚಾಂಗವನ್ನು ಗಮನಿಸಿದರೆ ಅದು ಹಿಮದ ಪಂಚಾಂಗವೂ ಹೌದು: ಹಿಮ ಬೀಳಲು ಶುರುವಾಗುವ ಮುನ್ನ ಬಾಗಿಲು ಮುಚ್ಚುತ್ತದೆ, ಕರಗಿ ದಾರಿ ಬಿಟ್ಟ ಮೇಲೆ ತೆರೆಯುತ್ತದೆ.

ಈ ಹಿಮ ನಮ್ಮ ಮುಂಗಾರಿನದಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಇರಾನ್, ಅಫ್ಗಾನಿಸ್ತಾನಗಳನ್ನು ದಾಟಿ ಬರುವ ಮಾರುತಗಳು ಪಂಜಾಬಿನ ಬಯಲಿನಲ್ಲಿ ಗೋಧಿಗೆ ತುಂತುರು ಮಳೆಯನ್ನೂ ಬೆಟ್ಟದಲ್ಲಿ ಹಿಮವನ್ನೂ ಸುರಿಸುತ್ತವೆ. ಹವಾಮಾನ ಇಲಾಖೆ ಇವನ್ನು ಪಶ್ಚಿಮದ ಅಡಚಣೆಗಳು ಎನ್ನುತ್ತದೆ. ಹೀಗೆ ಯಮುನೆಗೆ ವರ್ಷಕ್ಕೆ ಎರಡು ಬಾರಿ, ಎರಡು ಬೇರೆ ಬೇರೆ ಕಡಲುಗಳಿಂದ ನೀರು ಬರುತ್ತದೆ. ಮುಂಗಾರು ತಂದದ್ದು ಕೂಡಲೇ ಹರಿದುಹೋಗುತ್ತದೆ. ಚಳಿಗಾಲ ತಂದದ್ದು ಬೆಟ್ಟದಲ್ಲಿ ಠೇವಣಿಯಾಗಿ ಕೂರುತ್ತದೆ.

ಪ್ರಮಾಣದ ವಿಷಯದಲ್ಲಿ ಎಚ್ಚರ ಬೇಕು. ಯಮುನೆಯ ವರ್ಷದ ಹರಿವಿನ ಸುಮಾರು ಐದರಲ್ಲಿ ನಾಲ್ಕು ಪಾಲು ಬರುವುದು ಮಳೆಗಾಲದ ಮೂರು ತಿಂಗಳಲ್ಲಿ. ನವೆಂಬರಿನಿಂದ ಫೆಬ್ರವರಿವರೆಗೆ ಬೆಟ್ಟದ ಒರತೆಗಳು ನದಿಯನ್ನು ಸಾಕುತ್ತವೆ. ಹಿಮದ ಸರದಿ ಮಾರ್ಚ್‌ನಿಂದ ಜೂನ್‌ವರೆಗೆ ಮಾತ್ರ. ಒಟ್ಟು ಲೆಕ್ಕದಲ್ಲಿ ಅದು ಸಣ್ಣ ಪಾಲು. ಆದರೆ ಸಂಬಳಕ್ಕೆ ಹತ್ತು ದಿನ ಬಾಕಿ ಇರುವಾಗ ಸಿಕ್ಕ ನೂರು ರೂಪಾಯಿಯ ಹಾಗೆ, ಅದರ ಬೆಲೆ ಮೊತ್ತದಲ್ಲಿಲ್ಲ, ಬರುವ ಹೊತ್ತಿನಲ್ಲಿದೆ.

ಬೆಟ್ಟದಲ್ಲಿ ಯಮುನೆ ಒಂಟಿಯೂ ಅಲ್ಲ. ಡೆಹ್ರಾಡೂನ್ ಜಿಲ್ಲೆಯ ಕಾಲ್ಸಿಯ ಹತ್ತಿರ ಟೋನ್ಸ್ ನದಿ ಬಂದು ಸೇರುತ್ತದೆ. ರೂಪಿನ್, ಸೂಪಿನ್ ಎಂಬ ಎರಡು ಹೊಳೆಗಳು ಕೂಡಿ ಆಗುವ ಟೋನ್ಸ್, ಸಂಗಮದ ಜಾಗದಲ್ಲಿ ಯಮುನೆಗಿಂತಲೂ ಹೆಚ್ಚು ನೀರು ಹೊತ್ತಿರುತ್ತದೆ. ಹೆಸರು ಮಾತ್ರ ಯಮುನೆಯದೇ ಉಳಿಯುತ್ತದೆ. ಅದರ ಕೆಳಗೆ ಹಿಮಾಚಲದಿಂದ ಗಿರಿ ನದಿ ಬಂದು ಸೇರುತ್ತದೆ. ಆಮೇಲೆ ಶಿವಾಲಿಕ್ ಗುಡ್ಡಗಳ ಕೊನೆಯ ಸಾಲನ್ನು ಸೀಳಿಕೊಂಡು, ಗುಂಡುಕಲ್ಲುಗಳ ಅಗಲವಾದ ಹಾಸಿನ ಮೇಲೆ ನದಿ ಬಯಲಿಗೆ ಇಳಿಯುತ್ತದೆ. ಆ ಬಾಗಿಲಿನ ಹೆಸರು ಈಗ ಹಥ್ನಿಕುಂಡ್. ಇಲ್ಲಿಗೆ ಹುಟ್ಟಿದ ಜಾಗದಿಂದ 172 ಕಿ.ಮೀ. ಪ್ರಯಾಗದಲ್ಲಿ ಗಂಗೆಯನ್ನು ಸೇರುವ ಹೊತ್ತಿಗೆ ಒಟ್ಟು 1,376 ಕಿ.ಮೀ. ಆಗುತ್ತದೆ. ಮುಂದಿನ ಇತಿಹಾಸವೆಲ್ಲ ನಡೆಯುವುದು ಈ ಬಾಗಿಲಿನ ಆಸುಪಾಸಿನಲ್ಲಿ.

ಬಾಗಿಲಲ್ಲಿ ಕೂತವರು

ಈ ಜಾಗದ ಮಹತ್ವ ಬಹಳ ಹಿಂದೆಯೇ ತಿಳಿದಿತ್ತು. ಕಾಲ್ಸಿಯ ಸಂಗಮದ ಬಳಿ ಅಶೋಕನ ಬಂಡೆಶಾಸನವಿದೆ. ಬಾಗಿಲಿನಿಂದ ಕೊಂಚ ಕೆಳಗೆ, ಈಗಿನ ಯಮುನಾನಗರ ಜಿಲ್ಲೆಯ ತೋಪ್ರಾದಲ್ಲಿ ಅವನ ಕಂಬವೊಂದಿತ್ತು. 14ನೇ ಶತಮಾನದಲ್ಲಿ ಸುಲ್ತಾನ ಫಿರೋಜ್ ಷಾ ತುಘಲಕ್ ಆ ಕಂಬವನ್ನು ಬೂರುಗದ ಹತ್ತಿಯ ಹಾಸಿನ ಮೇಲೆ ಮೆಲ್ಲಗೆ ಉರುಳಿಸಿ, 42 ಗಾಲಿಗಳ ಬಂಡಿಯಲ್ಲಿ ನದಿಯ ದಡಕ್ಕೆ ಎಳೆಸಿ, ದೋಣಿಗಳ ಮೇಲೆ ಯಮುನೆಯಲ್ಲಿ ತೇಲಿಸಿ ದೆಹಲಿಗೆ ತಂದ. ಫಿರೋಜ್ ಷಾ ಕೋಟ್ಲಾದಲ್ಲಿ ಈಗಲೂ ನಿಂತಿರುವ ಆ ಕಂಬದ ಬರಹವನ್ನು ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಓದಿದ. ಅದರಲ್ಲಿದ್ದ ‘ದೇವಾನಂಪಿಯ’ ಅಶೋಕನೇ ಎಂದು ಶಾಸನವೇ ಬಾಯಿಬಿಟ್ಟು ಹೇಳಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ.

ಫಿರೋಜ್ ಷಾ ಯಮುನೆಯಿಂದ ಕಂಬವನ್ನಷ್ಟೇ ತರಲಿಲ್ಲ. 1354ರ ಸುಮಾರಿಗೆ ಅವನು ಕಟ್ಟಿಸಿದ ಹಿಸಾರ್ ಪಟ್ಟಣ ನಿಂತದ್ದು ಅರೆ ಮರುಭೂಮಿಯಲ್ಲಿ. ಬೇಸಿಗೆಯಲ್ಲಿ ಇರಾಕ್, ಖುರಾಸಾನಿನಿಂದ ಬರುತ್ತಿದ್ದ ವ್ಯಾಪಾರಿಗಳು ಅಲ್ಲಿ ಒಂದು ಕೊಡ ನೀರಿಗೆ 4 ಜೀತಲ್ ನಾಣ್ಯ ಕೊಡಬೇಕಿತ್ತು ಎಂದು ಅವನ ಚರಿತ್ರೆ ಬರೆದ ಶಮ್ಸ್ ಸಿರಾಜ್ ಅಫೀಫ್ ಹೇಳುತ್ತಾನೆ. ಸುಲ್ತಾನ ಯಮುನೆಯಿಂದ ಒಂದು, ಸಟ್ಲೆಜ್‌ನಿಂದ ಇನ್ನೊಂದು ಕಾಲುವೆ ತೋಡಿಸಿದ. ಧರ್ಮಪಂಡಿತರ ಒಪ್ಪಿಗೆ ಪಡೆದು ನೀರು ಪಡೆದವರ ಮೇಲೆ ಶೇಕಡಾ 10ರ ತೆರಿಗೆಯನ್ನೂ ಹಾಕಿದ. ಕಾಲುವೆ ಬಂದ ಮೇಲೆ ಒಂದೇ ಬೆಳೆಯ ನೆಲದಲ್ಲಿ ಎರಡು ಬೆಳೆ ಬಂದವು.

ಭೂಗೋಳದ ದೃಷ್ಟಿಯಿಂದ ಇದು ಜಾಣ ಕೆಲಸ. ಗಂಗೆಯ ಜಲಾನಯನವನ್ನೂ ಸಿಂಧೂ ಜಲಾನಯನವನ್ನೂ ಬೇರ್ಪಡಿಸುವ ಗೆರೆ ಹರಿಯಾಣದ ಬಯಲಿನಲ್ಲೇ ಹಾದುಹೋಗುತ್ತದೆ. ಆದರೆ ಅದು ಕಣ್ಣಿಗೆ ಕಾಣದಷ್ಟು ಸಣ್ಣ ಏರು. ನದಿ ಬೆಟ್ಟದಿಂದ ಇಳಿಯುವ ಎತ್ತರದ ಜಾಗದಲ್ಲೇ ಹಿಡಿದರೆ ನೀರು ತನ್ನ ಪಾಡಿಗೆ ಪಶ್ಚಿಮಕ್ಕೆ, ಹಳೆಯ ಬತ್ತಿದ ಹೊಳೆಗಳ ಪಾತ್ರದಲ್ಲೇ ಹರಿದು ಆ ಗೆರೆಯನ್ನು ದಾಟುತ್ತದೆ. ಸ್ವಲ್ಪ ಕೆಳಗೆ ಹೋದರೆ ನದಿ ಬಯಲಿಗಿಂತ ತಗ್ಗಿಗೆ ಇಳಿದುಬಿಡುತ್ತದೆ, ಮತ್ತೆ ಮೇಲೆತ್ತಲು ಆಗುವುದಿಲ್ಲ. ಬಾಗಿಲು ಎಲ್ಲಿರಬೇಕೆಂದು ನಿರ್ಧರಿಸಿದ್ದು ಸುಲ್ತಾನನಲ್ಲ, ನೆಲದ ಇಳಿಜಾರು.

ಕಾಲುವೆ ಕೆಲವೇ ದಶಕಗಳಲ್ಲಿ ಹೂಳು ತುಂಬಿ ನಿಂತಿತು. ಅಕ್ಬರನ ಕಾಲದಲ್ಲಿ ಮತ್ತೆ ತೆರೆಯಿತು. 17ನೇ ಶತಮಾನದಲ್ಲಿ ಷಾಜಹಾನ್ ಹೊಸ ರಾಜಧಾನಿ ಕಟ್ಟಿದಾಗ, ಕಂದಹಾರವನ್ನು ಮೊಘಲರಿಗೆ ಒಪ್ಪಿಸಿ ಬಂದಿದ್ದ ಪರ್ಷಿಯನ್ ಸರದಾರ ಅಲಿ ಮರ್ದಾನ್ ಖಾನನ ಹೆಸರಿನಲ್ಲಿ ಅದರ ಕವಲೊಂದು ದೆಹಲಿಯನ್ನು ಮುಟ್ಟಿತು. ಚಾಂದನಿ ಚೌಕದ ನಡುವೆ, ಕೆಂಪುಕೋಟೆಯ ಅರಮನೆಗಳ ಒಳಗೆ ಹರಿದದ್ದು ಆ ನೀರು. ಕೋಟೆಯ ಗೋಡೆಗೆ ಒತ್ತಿಕೊಂಡೇ ಯಮುನೆ ಹರಿಯುತ್ತಿದ್ದರೂ, ಅರಮನೆಗೆ ನೀರು ಬಂದದ್ದು ಬೆಟ್ಟದ ಬಾಗಿಲಿನಿಂದ. ಪಕ್ಕದಲ್ಲಿರುವ ನದಿ ತಗ್ಗಿನಲ್ಲಿತ್ತು, ದೂರದ್ದು ಎತ್ತರದಲ್ಲಿತ್ತು. ಮಾನೇಸರ್‌ನ ಕಥೆಗೂ ಇದೇ ಸೂತ್ರ.

18ನೇ ಶತಮಾನದ ಗೊಂದಲದಲ್ಲಿ ಕಾಲುವೆ ಮತ್ತೆ ಒಣಗಿತು. ಈಸ್ಟ್ ಇಂಡಿಯಾ ಕಂಪನಿ 1817ರಲ್ಲಿ ದುರಸ್ತಿ ಶುರುಮಾಡಿ 1820ರಲ್ಲಿ ದೆಹಲಿಗೆ ನೀರು ಹರಿಸಿತು. ಎದುರು ದಂಡೆಯ ಪೂರ್ವ ಯಮುನಾ ಕಾಲುವೆ 1830ರಲ್ಲಿ ತೆರೆಯಿತು. 1870ರ ದಶಕದಲ್ಲಿ ತಾಜೇವಾಲಾದಲ್ಲಿ ಕಲ್ಲಿನ ಕಾಯಂ ಒಡ್ಡು ಬಂತು. ಅದು ಒಂದೂಕಾಲು ಶತಮಾನ ದುಡಿಯಿತು. 1999ರಲ್ಲಿ ಅದರ 3 ಕಿ.ಮೀ. ಮೇಲೆ ಹಥ್ನಿಕುಂಡ್ ಬ್ಯಾರೇಜ್ ಕಟ್ಟಿ ಮುಗಿಯಿತು.

ಇಲ್ಲೊಂದು ಹೋಲಿಕೆ ಉಪಯೋಗಕ್ಕೆ ಬರುತ್ತದೆ. ಕಾವೇರಿಯಲ್ಲೂ ಹಳೆಯ ಅರಸರು ಹೀಗೇ ಅಣೆ ಕಟ್ಟಿ ನಾಲೆ ತಿರುಗಿಸಿದ್ದರು. ಚಿಕ್ಕದೇವರಾಜ ಒಡೆಯರ ಹೆಸರಿನ ನಾಲೆ ಶ್ರೀರಂಗಪಟ್ಟಣದ ಸುತ್ತ ಈಗಲೂ ಹರಿಯುತ್ತದೆ. ಆದರೆ ಬೇಸಿಗೆಯಲ್ಲಿ ನದಿ ಇಳಿದರೆ ನಾಲೆಯೂ ಇಳಿಯುತ್ತಿತ್ತು. ಆ ಕೊರತೆ ನೀಗಲು ಮೈಸೂರು 1911ರಿಂದ ಎರಡು ದಶಕ ಬೆವರು ಸುರಿಸಿ ಕನ್ನಂಬಾಡಿ ಕಟ್ಟೆಯನ್ನು ಕಟ್ಟಬೇಕಾಯಿತು. ಯಮುನೆಯಲ್ಲಿ ಫಿರೋಜ್ ಷಾನಿಂದ ಹಥ್ನಿಕುಂಡ್‌ವರೆಗೆ ಕಟ್ಟಿದ್ದೆಲ್ಲ ನೀರನ್ನು ತಿರುಗಿಸುವ ಒಡ್ಡುಗಳೇ, ಕೂಡಿಡುವ ಕಟ್ಟೆಗಳಲ್ಲ. ಹಥ್ನಿಕುಂಡ್‌ನ ಹಿಂದೆ ಹೇಳಿಕೊಳ್ಳುವಂಥ ಜಲಾಶಯವೇ ಇಲ್ಲ. ಕೂಡಿಡುವ ಕೆಲಸವನ್ನು ಹಿಮ ಮಾಡುತ್ತಿತ್ತು.

ಕಾಲುವೆ ತಂದ ಜ್ವರ

ಪುಕ್ಕಟೆ ನೀರಿಗೂ ಬೆಲೆ ಇತ್ತು. 1837–38ರ ಬರದಲ್ಲಿ ಕಾಲುವೆಯ ಅಚ್ಚುಕಟ್ಟು ಹಸಿರಾಗಿ ಉಳಿದದ್ದನ್ನು ಕಂಪನಿ ಹೆಮ್ಮೆಯಿಂದ ಹೇಳಿಕೊಂಡಿತು. ಆದರೆ ಅದೇ ಕಾಲುವೆಯ ಏರಿಗಳು ಬಯಲಿನ ಸಹಜ ಹಳ್ಳಗಳಿಗೆ ಅಡ್ಡ ನಿಂತಿದ್ದವು. ಮಳೆನೀರು ಹರಿದುಹೋಗಲು ದಾರಿಯಿಲ್ಲದೆ ಜೌಗಾಯಿತು. ಹೊಲಗಳಲ್ಲಿ ‘ರೇಹ್’ ಎಂಬ ಬಿಳಿ ಚೌಳು ಮೇಲೆದ್ದಿತು. ಕರ್ನಾಲಿನ ದಂಡಿನಲ್ಲಿ ಸಿಪಾಯಿಗಳು ಚಳಿಜ್ವರದಿಂದ ನೆಲ ಹಿಡಿದರು. 1840ರ ದಶಕದ ಆರಂಭದಲ್ಲಿ ಆ ದಂಡನ್ನೇ ಖಾಲಿ ಮಾಡಿ ಅಂಬಾಲಕ್ಕೆ ಸಾಗಿಸಬೇಕಾಯಿತು.

ಕಾರಣ ಹುಡುಕಲು ನೇಮಕವಾದ ಸಮಿತಿಯಲ್ಲಿ ಮೂವರಿದ್ದರು: ಎಂಜಿನಿಯರ್ ಬೇಕರ್, ವೈದ್ಯ ಡೆಂಪ್‌ಸ್ಟರ್ ಮತ್ತು ಮುಂದೆ ‘ಹಾಬ್ಸನ್-ಜಾಬ್ಸನ್’ ಕೋಶದಿಂದ ಹೆಸರಾದ ಹೆನ್ರಿ ಯೂಲ್. ಡೆಂಪ್‌ಸ್ಟರ್ ಹಳ್ಳಿ ಹಳ್ಳಿಯಲ್ಲಿ ಜನರ ಹೊಟ್ಟೆ ಮುಟ್ಟಿ ಎಷ್ಟು ಜನಕ್ಕೆ ಗುಲ್ಮ ಊದಿದೆ ಎಂದು ಎಣಿಸಿದ. ಮಲೇರಿಯಾಕ್ಕೆ ಸೊಳ್ಳೆ ಕಾರಣವೆಂದು ರೊನಾಲ್ಡ್ ರಾಸ್ 1897ರಲ್ಲಿ ತೋರಿಸುವುದಕ್ಕೆ ಅರ್ಧ ಶತಮಾನ ಮೊದಲೇ, ಒಂದು ಊರಿನ ಜ್ವರವನ್ನು ಅಳೆಯುವ ವಿಧಾನ ಹೀಗೆ ಯಮುನಾ ಕಾಲುವೆಯ ದಂಡೆಯಲ್ಲಿ ರೂಪುಗೊಂಡಿತು. ಕಾಲುವೆ ಕಟ್ಟಿದ ರೀತಿಯಿಂದ ನೀರಿನ ಸಹಜ ದಾರಿ ಮುಚ್ಚಿದ್ದೇ ರೋಗದ ಬೇರು ಎಂದು 1847ರ ವರದಿ ಹೇಳಿತು. ಕಾಲುವೆಯನ್ನು ಎತ್ತರದ ನೆಲಕ್ಕೆ ಸರಿಸಿ ಹಳ್ಳಗಳನ್ನು ಬಿಡಿಸುವ ಕೆಲಸ ಶುರುವಾಗಲು ಇನ್ನೂ ಎರಡು ದಶಕಗಳಿಗಿಂತ ಹೆಚ್ಚು ಬೇಕಾಯಿತು. ಲಾಭ ಸರ್ಕಾರದ ಖಜಾನೆಗೆ ಬೇಗ ತಲುಪಿತು, ತಿದ್ದುಪಡಿ ಹಳ್ಳಿಗೆ ತಡವಾಗಿ ತಲುಪಿತು.

ಕಾಲುವೆ ಮುಟ್ಟದ ನೆಲ

ಇಷ್ಟೆಲ್ಲ ಆಗುವಾಗ ಮಾನೇಸರ್‌ಗೆ ಈ ನೀರಿನ ಹನಿಯೂ ಸಿಗಲಿಲ್ಲ. ಪಶ್ಚಿಮ ಯಮುನಾ ಕಾಲುವೆಯ ಅಚ್ಚುಕಟ್ಟು ದೆಹಲಿ, ರೋಹ್ತಕ್ ಕಡೆಗೇ ಮುಗಿಯುತ್ತಿತ್ತು. ಅದಕ್ಕೂ ಗುರುಗ್ರಾಮಕ್ಕೂ ನಡುವೆ ನಜಫ್‌ಗಢದ ತಗ್ಗು, ಅದರ ಆಚೆ ಅರಾವಳಿಯ ಕಡೆಗೆ ಏರುವ ಮರಳುನೆಲ. ಹಳೆಯ ಗುಡಗಾಂವ್ ಜಿಲ್ಲೆ ಮಳೆ ಮತ್ತು ಬಾವಿಯನ್ನು ನಂಬಿದ ಸಜ್ಜೆ, ಸಾಸಿವೆಯ ನಾಡು. 1920ರ ದಶಕದಲ್ಲಿ ಇಲ್ಲಿ ಜಿಲ್ಲಾಧಿಕಾರಿಯಾಗಿದ್ದ ಎಫ್.ಎಲ್. ಬ್ರೇನ್ ತನ್ನ ಗ್ರಾಮೋದ್ಧಾರದ ಪ್ರಯೋಗಕ್ಕೆ ಈ ಜಿಲ್ಲೆಯನ್ನು ಆರಿಸಿಕೊಳ್ಳಬೇಕಾಗಿ ಬಂದದ್ದೇ ಇದರ ಬಡತನದಿಂದ.

ಈ ನೆಲಕ್ಕೂ ಒಂದು ನದಿ ಇತ್ತು. ರಾಜಸ್ಥಾನದ ಅರಾವಳಿಯಲ್ಲಿ ಹುಟ್ಟುವ ಸಾಹಿಬೀ, ಅಲ್ವರ್, ರೇವಾಡಿಗಳನ್ನು ಹಾದು ನಜಫ್‌ಗಢದ ಕೆರೆಗೆ ಬರುತ್ತಿತ್ತು. ಪೂರ್ತಿ ಮಳೆಯ ನದಿ. ಹೆಚ್ಚಿನ ವರ್ಷ ಮರಳು, ಕೆಲವೊಮ್ಮೆ ಪ್ರಳಯ. 1977ರಲ್ಲಿ ಅದು ದೆಹಲಿಯ ಪಶ್ಚಿಮ ಭಾಗವನ್ನೇ ಮುಳುಗಿಸಿದ ಮೇಲೆ, ಮಾನೇಸರ್‌ನಿಂದ ಜೈಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಮಸಾನಿಯ ಬಳಿ ಬ್ಯಾರೇಜ್ ಕಟ್ಟಿದರು. ಆಮೇಲೆ ಬಂದದ್ದು ನೀರಿಗಿಂತ ಹೆಚ್ಚಾಗಿ ಕಾರ್ಖಾನೆಗಳ ಕೊಳಕು. ಅರ್ಕಾವತಿಯನ್ನು ಬಲ್ಲ ಬೆಂಗಳೂರಿಗರಿಗೆ ಈ ಕಥೆಯ ತಿರುವುಗಳು ಪರಿಚಿತ. 1896ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ನಗರಕ್ಕೆ ನೀರು ಕೊಟ್ಟ ಆ ಹೊಳೆಯನ್ನು ನಗರವೇ ಕೆಡಿಸಿ ಕಾವೇರಿಯ ಕಡೆ ಮುಖ ಮಾಡಿತು.

1990ರ ದಶಕದಲ್ಲಿ ಹರಿಯಾಣ ಸರ್ಕಾರ ಮಾನೇಸರ್‌ನಲ್ಲಿ ಮಾದರಿ ಕೈಗಾರಿಕಾ ಪಟ್ಟಣಕ್ಕೆ ಜಮೀನು ವಶಪಡಿಸಿಕೊಂಡಿತು. ಬಂಡವಾಳ ಬಂತು, ಹೆದ್ದಾರಿ ಅಗಲವಾಯಿತು, ವಿಮಾನ ನಿಲ್ದಾಣ ಹತ್ತಿರವೇ ಇತ್ತು. ನೀರಿಗೆ ಮೊದಮೊದಲು ಕೊಳವೆಬಾವಿ. ಜಿಲ್ಲೆಯ ಅಂತರ್ಜಲ ವೇಗವಾಗಿ ಕುಸಿದು, ಕೇಂದ್ರ ಅಂತರ್ಜಲ ಮಂಡಳಿಯ ಪಟ್ಟಿಯಲ್ಲಿ ‘ಅತಿ ಬಳಕೆ’ಯ ಸಾಲಿಗೆ ಸೇರಿತು. 2012ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್, ಗುರುಗ್ರಾಮದ ಕಟ್ಟಡ ನಿರ್ಮಾಣಕ್ಕೆ ಅಂತರ್ಜಲ ಬಳಸಬಾರದು, ಸಂಸ್ಕರಿಸಿದ ಕೊಳಚೆ ನೀರನ್ನೇ ಬಳಸಬೇಕು ಎಂದು ಆದೇಶಿಸಬೇಕಾಯಿತು. ಉಳಿದದ್ದು ಒಂದೇ ದಾರಿ, ಬೆಟ್ಟದ ಬಾಗಿಲು.

ಹಾಗಾಗಿ ಸೋನಿಪತ್ ಜಿಲ್ಲೆಯ ಕಾಕ್ರೋಯಿಯ ಬಳಿ ಯಮುನಾ ಕಾಲುವೆಯಿಂದ ಒಂದು ಹೊಸ ಕವಲು ತೆಗೆದು ಸುಮಾರು 70 ಕಿ.ಮೀ. ದೂರದ ಬಸಾಯಿಯ ಶುದ್ಧೀಕರಣ ಘಟಕಕ್ಕೆ ತಂದರು. ಇದು ಗುಡಗಾಂವ್ ನೀರು ಸರಬರಾಜು ನಾಲೆ. ಅದು ಸಾಲದಾದಾಗ ಎನ್‌ಸಿಆರ್ ನಾಲೆ ಎಂಬ ಇನ್ನೊಂದು ಬಂತು. ಅದರ ನೀರು ಚಂದು ಬುಢೇರಾ ಘಟಕಕ್ಕೆ, ಮಾನೇಸರ್, ಬಹಾದುರ್‌ಗಢಗಳಿಗೆ ಹೋಗುತ್ತದೆ. ಹಥ್ನಿಕುಂಡ್‌ನಲ್ಲಿ ತಿರುಗಿದ ನೀರು ಪುಟ್ಟ ಜಲವಿದ್ಯುತ್ ಕೇಂದ್ರಗಳ ಮೂಲಕ ದಾದೂಪುರಕ್ಕೆ, ಅಲ್ಲಿಂದ ಕರ್ನಾಲ್ ಜಿಲ್ಲೆಯ ಮೂನಕ್‌ಗೆ, ಮೂನಕ್‌ನಿಂದ ಕಾಕ್ರೋಯಿಗೆ ತನ್ನ ಭಾರದಿಂದಲೇ ಇಳಿದು ಬರುತ್ತದೆ. ಕೊನೆಯ ಏರಿಗೆ ಮಾತ್ರ ಪಂಪು ಬೇಕು. ನಡುವೆ ಭಾಕ್ರಾ ವ್ಯವಸ್ಥೆಯ ನರ್ವಾನಾ ಕವಲಿನಿಂದ ಸಟ್ಲೆಜ್‌ನ ನೀರೂ ಬೆರೆಯುತ್ತದೆ. ಅಂದರೆ ಮಾನೇಸರ್‌ನ ಲೋಟದಲ್ಲಿ ಬಂದರ್‌ಪೂಂಛ್‌ನ ಹಿಮದ ಜೊತೆಗೆ ಟಿಬೆಟ್ಟಿನ ಕೈಲಾಸದ ಸೀಮೆಯಿಂದ ಹರಿದು ಬಂದದ್ದೂ ಒಂದಿಷ್ಟು ಇರಬಹುದು.

ಈ ದಾರಿ ಎಷ್ಟು ನಾಜೂಕಿನದು ಎಂಬುದು 2016ರ ಫೆಬ್ರವರಿಯಲ್ಲಿ ಗೊತ್ತಾಯಿತು. ಮೀಸಲಾತಿಗಾಗಿ ಚಳವಳಿ ಹೂಡಿದ್ದ ಜಾಟರು ಮೂನಕ್‌ನಲ್ಲಿ ಕಾಲುವೆಯ ಗೇಟುಗಳನ್ನು ವಶಕ್ಕೆ ತೆಗೆದುಕೊಂಡರು. ದೆಹಲಿಯ ಹಲವು ಶುದ್ಧೀಕರಣ ಘಟಕಗಳು ನಿಂತವು, ಶಾಲೆಗಳಿಗೆ ರಜೆ ಕೊಟ್ಟರು, ಕೊನೆಗೆ ಸೇನೆ ಬಂದು ಗೇಟುಗಳನ್ನು ಬಿಡಿಸಿಕೊಂಡಿತು. ಕೆಂಪುಕೋಟೆಯ ಕಾಲದಲ್ಲಿದ್ದ ಹಾಗೆಯೇ, ರಾಜಧಾನಿಯ ಗಂಟಲು ಈಗಲೂ ನೂರಾರು ಕಿ.ಮೀ. ಉತ್ತರದಲ್ಲಿದೆ.

ಪಾಲು ಪಟ್ಟಿ

ನೀರು ಹಂಚಿಕೆಯ ಈಗಿನ ಆಧಾರ 1994ರ ಮೇ 12ರಂದು ಜಲಾನಯನದ ರಾಜ್ಯಗಳು ಸಹಿ ಹಾಕಿದ ಒಪ್ಪಂದ. ದೆಹಲಿಯ ಓಖ್ಲಾವರೆಗಿನ ಯಮುನೆಯಲ್ಲಿ ಸರಾಸರಿ ವರ್ಷಕ್ಕೆ 13 ಶತಕೋಟಿ ಘನ ಮೀಟರ್, ಅಂದರೆ ಸುಮಾರು 459 ಟಿಎಂಸಿ ನೀರು ಸಿಗುತ್ತದೆ ಎಂದು ಅದು ಲೆಕ್ಕ ಹಾಕಿತು. ಪ್ರವಾಹದಲ್ಲಿ ಹಿಡಿಯಲಾಗದ್ದನ್ನು ಕಳೆದು, ನದಿಯ ಸ್ವಂತ ಆರೋಗ್ಯಕ್ಕೆಂದು ಸುಮಾರು 12 ಟಿಎಂಸಿ ಬದಿಗಿಟ್ಟು, ಉಳಿದ 423 ಟಿಎಂಸಿಯನ್ನು ಹಂಚಿತು. ಹರಿಯಾಣಕ್ಕೆ 202, ಉತ್ತರ ಪ್ರದೇಶಕ್ಕೆ 142, ರಾಜಸ್ಥಾನಕ್ಕೆ ಸುಮಾರು 40, ದೆಹಲಿಗೆ 26, ಹಿಮಾಚಲಕ್ಕೆ 13. ಆಗಿನ್ನೂ ಹುಟ್ಟಿರದ ಉತ್ತರಾಖಂಡ ಉತ್ತರ ಪ್ರದೇಶದ ಪಾಲಿನೊಳಗಿತ್ತು. ಕಾವೇರಿ ತೀರ್ಪುಗಳನ್ನು ಓದಿ ಅಭ್ಯಾಸವಿರುವವರು ಎರಡು ಸಂಗತಿ ಗಮನಿಸಬಹುದು. ಹಿಮ ಬೀಳುವ ರಾಜ್ಯಗಳಿಗೆ ಸಿಕ್ಕಿದ್ದು ಬಹಳ ಕಡಿಮೆ. ನದಿಗೆ ಸಿಕ್ಕಿದ್ದು ನೂರಕ್ಕೆ ಮೂರು ಪಾಲಿಗಿಂತಲೂ ಕಡಿಮೆ.

ಈ ಕೊನೆಯ ಅಂಕಿಯ ಪರಿಣಾಮ ಹಥ್ನಿಕುಂಡ್‌ನ ಕೆಳಗೆ ನಿಂತರೆ ಕಾಣುತ್ತದೆ. ನದಿಯಲ್ಲಿ ಕನಿಷ್ಠ ಸೆಕೆಂಡಿಗೆ 10 ಘನ ಮೀಟರ್, ಸುಮಾರು 353 ಕ್ಯುಸೆಕ್, ಹರಿಯಲೇಬೇಕು ಎಂದು ಒಪ್ಪಂದವೂ 1999ರಲ್ಲಿ ಸುಪ್ರೀಂ ಕೋರ್ಟೂ ಹೇಳಿವೆ. ಬೇಸಿಗೆಯಲ್ಲಿ ಬಾಗಿಲಿನಿಂದ ಕೆಳಗೆ ಉಳಿಯುವುದು ಹೆಚ್ಚುಕಡಿಮೆ ಅಷ್ಟೇ. ಕಲ್ಲು, ಮರಳಿನ ಹಾಸಿನಲ್ಲಿ ಅದೂ ಇಂಗಿಹೋಗುತ್ತದೆ. ಕಾಲುವೆಯಲ್ಲಿ ನದಿ ತುಂಬಿ ಹರಿಯುತ್ತದೆ, ನದಿಯ ಪಾತ್ರದಲ್ಲಿ ಟ್ರಾಕ್ಟರುಗಳು ಮರಳು ಹೇರುತ್ತವೆ. ಮಳೆಗಾಲದಲ್ಲಿ ಮಾತ್ರ ಯಾವ ಗೇಟೂ ಅದನ್ನು ಹಿಡಿಯಲಾರದು. 2023ರ ಜುಲೈಯಲ್ಲಿ ಹಥ್ನಿಕುಂಡ್‌ನಿಂದ ಸುಮಾರು 3.6 ಲಕ್ಷ ಕ್ಯುಸೆಕ್ ಹೊರಬಿದ್ದು, ದೆಹಲಿಯ ಹಳೆಯ ರೈಲ್ವೆ ಸೇತುವೆಯ ಬಳಿ ನೀರು 208.66 ಮೀಟರ್ ಮುಟ್ಟಿ 1978ರ ದಾಖಲೆಯನ್ನು ಮುರಿಯಿತು. ಕೂಡಿಡುವ ಕಟ್ಟೆಯಿಲ್ಲದ ನದಿಯ ಎರಡು ಮುಖಗಳಿವು.

ಮಾನೇಸರ್, ಗುರುಗ್ರಾಮಗಳು ಬಳಸಿದ ನೀರೂ ಯಮುನೆಗೇ ಮರಳುತ್ತದೆ, ಆದರೆ ಬೇರೆ ವೇಷದಲ್ಲಿ. ಚರಂಡಿ, ಸಂಸ್ಕರಣಾ ಘಟಕಗಳನ್ನು ದಾಟಿ ಅದರಲ್ಲಿ ಬಹುಪಾಲು ನಜಫ್‌ಗಢ ನಾಲೆಗೆ ಸೇರುತ್ತದೆ. ಒಂದು ಕಾಲದಲ್ಲಿ ಸಾಹಿಬೀ ನದಿಯ ಕೊನೆಯ ದಾರಿಯಾಗಿದ್ದ ಆ ನಾಲೆ ವಜೀರಾಬಾದಿನ ಕೆಳಗೆ ಕಪ್ಪಾಗಿ ಯಮುನೆಗೆ ಇಳಿಯುತ್ತದೆ. ಓಖ್ಲಾದಿಂದ ಆಗ್ರಾ ಕಾಲುವೆ, ಅದರಿಂದ ಗುಡಗಾಂವ್ ಕಾಲುವೆ ಹೊರಡುತ್ತವೆ. ಹೆಸರು ಗುಡಗಾಂವ್‌ನದಾದರೂ ಈ ಎರಡನೆಯ ಕಾಲುವೆ ನೀರುಣಿಸುವುದು ಫರೀದಾಬಾದ್, ನೂಹ್ ಸೀಮೆಯ ಹೊಲಗಳಿಗೆ. ಮೇವಾತಿ ರೈತರ ಪಾಲಿಗೆ ಬರುವುದು ರಾಜಧಾನಿ ಬಳಸಿ ಬಿಟ್ಟ ಯಮುನೆ. ಅರಾವಳಿಯ ಈ ಬದಿಯ ಮಾನೇಸರ್‌ಗೆ ಬೆಟ್ಟದ ನೀರು, ಆ ಬದಿಯ ನೂಹ್‌ಗೆ ಓಖ್ಲಾದ ನೀರು.

ಹಿಮದ ಬದಲಿಗೆ ಕಾಂಕ್ರೀಟು

2024ರ ಜೂನ್‌ನ ಬಿಸಿಗಾಳಿಯಲ್ಲಿ ದೆಹಲಿಗೆ ನೀರು ಸಾಲದೆ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಹಿಮಾಚಲದ ಬಳಿ ಇದೆ ಎನ್ನಲಾದ 137 ಕ್ಯುಸೆಕ್ ಹೆಚ್ಚುವರಿ ನೀರನ್ನು ಬಿಡಲು ಕೋರ್ಟು ಮೊದಲು ಹೇಳಿತು. ಕೆಲವೇ ದಿನಗಳಲ್ಲಿ ಹಿಮಾಚಲ, ತನ್ನ ಬಳಿ ಹೆಚ್ಚುವರಿ ನೀರಿಲ್ಲ ಎಂದಿತು. ವ್ಯಾಜ್ಯ ಮೇಲ್ಯಮುನಾ ನದಿ ಮಂಡಳಿಗೆ ಹೋಯಿತು. ಕಾಗದದ ಮೇಲಿನ ಹಂಚಿಕೆಗೂ ಜೂನ್‌ನ ನದಿಗೂ ಇರುವ ಅಂತರ ಅಲ್ಲಿ ಬಯಲಾಯಿತು.

ಈ ಅಂತರ ತುಂಬಲು ಸರ್ಕಾರಗಳು ಮೂರು ಅಣೆಕಟ್ಟುಗಳನ್ನು ನೆಚ್ಚಿಕೊಂಡಿವೆ: ಯಮುನೆಗೆ 204 ಮೀಟರಿನ ಲಖ್ವಾರ್, ಟೋನ್ಸ್‌ಗೆ 236 ಮೀಟರಿನ ಕಿಶಾವ್, ಗಿರಿ ನದಿಗೆ 148 ಮೀಟರಿನ ರೇಣುಕಾಜಿ. ಲಖ್ವಾರ್ ಬಗ್ಗೆ ಆರು ರಾಜ್ಯಗಳು 2018ರಲ್ಲಿ, ರೇಣುಕಾಜಿ ಬಗ್ಗೆ 2019ರಲ್ಲಿ ಒಪ್ಪಂದ ಮಾಡಿಕೊಂಡವು. ಆರೂವರೆ ಶತಮಾನಗಳ ನಂತರ ಯಮುನೆಯೂ ಕಾವೇರಿಯ ದಾರಿಗೆ ಬರುತ್ತಿದೆ ಎನ್ನಬಹುದು. ಆದರೆ ಕಾವೇರಿಯ ದಾರಿಯಲ್ಲಿ ಮುಳುಗಡೆಯೂ ಇರುತ್ತದೆ. ಲಖ್ವಾರ್‌ನ ಜೋಡಿ ಯೋಜನೆಯಾದ ವ್ಯಾಸಿ ಅಣೆಕಟ್ಟು ತುಂಬಿದಾಗ, 2022ರಲ್ಲಿ, ಜೌನ್‌ಸಾರ್ ಸೀಮೆಯ ಲೋಹಾರಿ ಎಂಬ ಹಳ್ಳಿ ಮರದ ಮನೆಗಳ ಸಮೇತ ನೀರಿನಡಿ ಹೋಯಿತು. ಕನ್ನಂಬಾಡಿಯ ಹೆಸರು ಕಟ್ಟೆಗೆ ಉಳಿದು, ಊರು ಬೇರೆಡೆ ಹೋದದ್ದನ್ನು ಮೈಸೂರು ಸೀಮೆಯ ಹಳಬರು ಮರೆತಿಲ್ಲ.

ಅಣೆಕಟ್ಟು ಮಳೆಗಾಲದ ನೀರನ್ನು ಹಿಡಿಯಬಲ್ಲದು. ಬೆಟ್ಟದ ಇಳಿಜಾರಿನಲ್ಲೆಲ್ಲ ಹರಡಿ, ಮಣ್ಣಿಗೆ ನಿಧಾನವಾಗಿ ಇಂಗಿ, ಒರತೆಗಳನ್ನು ಸಾಕುವ ಕೆಲಸವನ್ನು ಅದು ಮಾಡಲಾರದು. ಅದು ಹಿಮದ ಕೆಲಸ. ಆ ಹಿಮ ಈಗ ಮೊದಲಿನ ಹಾಗಿಲ್ಲ. ಹಿಂದೂಕುಶ್-ಹಿಮಾಲಯದ ಹಿಮನದಿಗಳು 2011ರಿಂದ 2020ರ ಅವಧಿಯಲ್ಲಿ ಹಿಂದಿನ ದಶಕಕ್ಕಿಂತ ಶೇಕಡಾ 65ರಷ್ಟು ವೇಗವಾಗಿ ಕರಗಿವೆ ಎಂದು ಕಠ್ಮಂಡುವಿನ ಐಸಿಮೋಡ್ ಸಂಸ್ಥೆ 2023ರಲ್ಲಿ ಹೇಳಿತು. ಕರಗುವಾಗ ಕೆಲವು ವರ್ಷ ನೀರು ಹೆಚ್ಚಿದಂತೆ ಕಾಣಬಹುದು. ಅದು ಬಡ್ಡಿಯಲ್ಲ, ಅಸಲೇ ಖರ್ಚಾಗುತ್ತಿರುವುದು.

1994ರ ಒಪ್ಪಂದದಲ್ಲಿ ಒಂದು ಷರತ್ತಿದೆ: 2025ರ ನಂತರ ಯಾವುದೇ ರಾಜ್ಯ ಕೇಳಿದರೆ ಹಂಚಿಕೆಯನ್ನು ಮರುಪರಿಶೀಲಿಸಬಹುದು. ಈಗ ಆ ಹೊತ್ತು ಬಂದಿದೆ. ಮತ್ತೆ ಮೇಜಿನ ಸುತ್ತ ಕೂತಾಗ ಹರಿಯಾಣ ಹೆಚ್ಚು ಕೇಳುತ್ತದೆ, ದೆಹಲಿ ಹೆಚ್ಚು ಕೇಳುತ್ತದೆ. ಗುರುಗ್ರಾಮ, ಮಾನೇಸರ್‌ಗಳ ಬೆಳೆಯುವ ಜನಸಂಖ್ಯೆಯನ್ನು ಇಬ್ಬರಲ್ಲೊಬ್ಬರು ಆಧಾರವಾಗಿ ತೋರಿಸುತ್ತಾರೆ. ಹಳೆಯ 13 ಶತಕೋಟಿಯ ಲೆಕ್ಕ ಮಾಡಿದ್ದು ಹಳೆಯ ಹಿಮದ ಮೇಲೆ. ಹೊಸ ಪಾಲು ಪಟ್ಟಿ ಬರೆಯುವ ಮೊದಲು, ಮಾರ್ಚ್‌ನಿಂದ ಜೂನ್‌ವರೆಗೆ ಬೆಟ್ಟದಿಂದ ಈಗ ನಿಜವಾಗಿ ಎಷ್ಟು ಇಳಿಯುತ್ತಿದೆ ಎಂದು ಅಳೆದು, ಆ ಅಂಕಿಯನ್ನು ಐದಾರು ರಾಜ್ಯಗಳ ಜನರೆದುರು ಇಡಬೇಕು. ಲೋಹಾರಿಯ ಮುಳುಗಡೆಗೂ ಮಾನೇಸರ್‌ನ ನಲ್ಲಿಗೂ ಸಂಬಂಧವಿದೆ ಎಂಬುದನ್ನು ಆ ಪಟ್ಟಿಯಲ್ಲಿ ಬರೆದಿರುವುದಿಲ್ಲ. ಆದರೆ ಹಥ್ನಿಕುಂಡ್‌ನ ಗೇಟು ಎತ್ತಿದಾಗಲೆಲ್ಲ ಹರಿಯುವುದು ಆ ಸಂಬಂಧವೇ.